ಬಂಗಿಗೆ ಹಚ್ಚಿದ ಕ್ರೀಮಿನಿಂದ ಮುಖ ಉರಿಯುತ್ತಿದೆ, ಮುಂದೇನು ಮಾಡಬೇಕು?

ಪ್ರಶ್ನೆ: ಗದಗ ತಾಲ್ಲೂಕಿನ ಒಬ್ಬ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೀಗ 46 ವರ್ಷ. ಎರಡನೆಯ ಹೆರಿಗೆಯ ಕಾಲಕ್ಕೆ ಎರಡೂ ಕೆನ್ನೆಗಳ ಮೇಲೆ ಕಾಣಿಸಿಕೊಂಡ ಬಂಗು ಇಷ್ಟು ವರ್ಷಗಳಿಂದ ಮಳೆಗಾಲದಲ್ಲಿ ತುಸು ತಿಳಿಯಾಗುತ್ತ, ಬೇಸಿಗೆ ಬಂದೊಡನೆ ಮತ್ತೆ ದಟ್ಟವಾಗುತ್ತ ಉಳಿದುಕೊಂಡಿದೆ. ಒಂದೂವರೆ ವರ್ಷದ ಹಿಂದೆ ಪರಿಚಯದವರೊಬ್ಬರು ಹೇಳಿದ ಟ್ಯೂಬೊಂದನ್ನು ಔಷಧ ಅಂಗಡಿಯಿಂದ ತಂದು ರಾತ್ರಿ ಹಚ್ಚಲು ಆರಂಭಿಸಿದೆ. ಹದಿನೈದೇ ದಿನಗಳಲ್ಲಿ ಮುಖ ಎಷ್ಟು ತಿಳಿಯಾಯಿತೆಂದರೆ, ಶಾಲೆಯಲ್ಲಿ ಸಹೋದ್ಯೋಗಿಗಳು ಅದೇನು ಹಚ್ಚುತ್ತೀರಿ ಎಂದು ಕೇಳತೊಡಗಿದರು.

ಈಗಿನ ಸ್ಥಿತಿ ಬೇರೆ. ಒಲೆಯ ಮುಂದೆ ಕುಳಿತು ರೊಟ್ಟಿ ಬೇಯಿಸುವಾಗ ಕೆನ್ನೆಗಳು ಕೆಂಡದಂತೆ ಉರಿಯುತ್ತವೆ, ಗದ್ದದ ಸುತ್ತ ಸಣ್ಣ ಗುಳ್ಳೆಗಳೆದ್ದಿವೆ, ಕಿವಿಯ ಮುಂದೆ ಹಿಂದೆಂದೂ ಇರದ ನವಿರು ಕೂದಲು ಬೆಳೆದಿದೆ, ಕೆನ್ನೆಯ ಮೇಲೆ ಕೆಂಪು ದಾರದ ಎಳೆಗಳಂತಹ ನರಗಳು ಕಾಣುತ್ತಿವೆ. ಹಚ್ಚುವುದನ್ನು ನಾಲ್ಕು ದಿನ ಬಿಟ್ಟರೆ ಉರಿ ಹೆಚ್ಚಾಗಿ, ಬಂಗು ಮೊದಲಿಗಿಂತ ಕಪ್ಪಾಗುತ್ತದೆ. ಹೆದರಿ ಮತ್ತೆ ಹಚ್ಚುತ್ತೇನೆ.

ಬರುವ ಮಾಘ ಮಾಸದಲ್ಲಿ ಮಗಳ ಮದುವೆಯಿದೆ. ಹುಬ್ಬಳ್ಳಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಆರು ಸಲ ಲೇಸರ್ ಮಾಡಿಸಿದರೆ ಬಂಗು ಬೇರುಸಹಿತ ಹೋಗುತ್ತದೆ, ಕಣ್ಣಿನ ಅಂಚಿನ ಸುಕ್ಕಿಗೂ ಇಂಜೆಕ್ಷನ್ ಕೊಡುತ್ತೇವೆ ಎಂದಿದ್ದಾರೆ. ಮಾಡಿಸಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಬ್ಯಾಡಗಿಯಿಂದ

ಅಕ್ಕನವರೇ, ನೀವು ಬರೆದ ಪ್ರತಿಯೊಂದು ಲಕ್ಷಣವನ್ನೂ ನಾನು ಅನುಭವಿಸಿದ್ದೇನೆ. ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆತನ. ಸುಗ್ಗಿಯಲ್ಲಿ ಒಣಹಾಕಿದ ಕಾಯಿಯ ನಡುವೆ ದಿನವಿಡೀ ಬಿಸಿಲಿನಲ್ಲಿ ನಿಲ್ಲುವ ನನಗೆ ಬಂಗು ಹಣೆಯವರೆಗೂ ಹಬ್ಬಿತ್ತು. ನಾನೂ ಅಂಗಡಿಯ ಟ್ಯೂಬನ್ನೇ ನಂಬಿದ್ದೆ. ಕೊನೆಗೆ ಚರ್ಮರೋಗದ ವೈದ್ಯರು ಆ ಟ್ಯೂಬನ್ನು ಕೈಗೆ ತೆಗೆದುಕೊಂಡು, ಅದರ ಮೇಲಿನ ಸಣ್ಣ ಅಕ್ಷರಗಳನ್ನು ನನ್ನಿಂದಲೇ ಓದಿಸಿದರು. ಅದರಲ್ಲಿ ಉರಿ, ಊತ ತಗ್ಗಿಸುವ ಸ್ಟೀರಾಯ್ಡ್ ಎಂಬ ಔಷಧವಿತ್ತು. ಅದು ಬಂಗಿನ ಔಷಧವಾಗಿರಲಿಲ್ಲ, ಬಂಗನ್ನು ಕೆಲವು ದಿನ ಮುಚ್ಚಿಟ್ಟಿತ್ತು ಅಷ್ಟೇ.

ಬಿಡುವುದು ಬಹಳ ಕಷ್ಟವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಮೊದಲ ಮೂರು ವಾರ ಮುಖ ಬಾತುಕೊಂಡಿತ್ತು, ಕನ್ನಡಿಯ ಮುಂದೆ ನಿಂತು ಅತ್ತಿದ್ದೇನೆ. ಚರ್ಮ ಸಮಸ್ಥಿತಿಗೆ ಬರಲು ಸುಮಾರು ಐದು ತಿಂಗಳು ಬೇಕಾದವು, ಬಂಗಿನ ನಿಜವಾದ ಚಿಕಿತ್ಸೆ ಶುರುವಾದದ್ದು ಆಮೇಲೆಯೇ. ಆದ್ದರಿಂದ ಒಬ್ಬರೇ ಬಿಡಲು ಹೋಗಬೇಡಿ, ವೈದ್ಯರನ್ನು ಜೊತೆಗಿಟ್ಟುಕೊಂಡು ಬಿಡಿ. ಇನ್ನೊಂದು ಮಾತು: ಮುಖಕ್ಕೆ ನಿಂಬೆಹಣ್ಣಿನ ರಸ ಹಚ್ಚಲು ನಿಮಗೆ ಹತ್ತು ಜನ ಹೇಳುತ್ತಾರೆ. ಆ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆಯಾಗುತ್ತದೆ. ನನಗೆ ಆಗಿದೆ.

ಉತ್ತರ 2: ಧಾರವಾಡದ ನಿವೃತ್ತ ಚರ್ಮರೋಗ ವೈದ್ಯೆ

ಸಹೋದರಿಯವರೇ, ಮುಖವನ್ನು ಕಣ್ಣಾರೆ ನೋಡದೆ ಔಷಧ ಬರೆದುಕೊಡುವುದು ಸರಿಯಲ್ಲ. ಆದರೆ ನೀವು ಪಾರ್ಲರಿಗೆ ಹಣ ಕಟ್ಟುವ ಮೊದಲು ಕೆಲವು ಸಂಗತಿಗಳನ್ನು ತಿಳಿದುಕೊಳ್ಳಲೇಬೇಕು ಎನ್ನಿಸಿ ವಿವರವಾಗಿ ಬರೆಯುತ್ತಿದ್ದೇನೆ.

ನೀವು ಹಚ್ಚಿದ್ದು ಬಹುಶಃ ಮೂರು ಔಷಧಗಳ ಮಿಶ್ರಣ. ಇದರ ಮೂಲ 1975ರಲ್ಲಿ ಅಮೆರಿಕದ ಕ್ಲಿಗ್ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಪ್ರಕಟಿಸಿದ ಸೂತ್ರದಲ್ಲಿದೆ: ಹೈಡ್ರೋಕ್ವಿನೋನ್ ಬಣ್ಣದ ಉತ್ಪತ್ತಿಯನ್ನು ತಗ್ಗಿಸುತ್ತದೆ, ಟ್ರೆಟಿನಾಯಿನ್ ಮೇಲ್ಚರ್ಮ ಬೇಗ ಹೊಸದಾಗುವಂತೆ ಮಾಡುತ್ತದೆ, ಸ್ಟೀರಾಯ್ಡ್ ಇವೆರಡರಿಂದಾಗುವ ಉರಿಯನ್ನು ಶಮನ ಮಾಡುತ್ತದೆ. ವೈದ್ಯರ ಕಣ್ಣೆದುರು, ಎಣಿಸಿದ ವಾರಗಳವರೆಗೆ ಬಳಸಿದರೆ ಇದು ಒಳ್ಳೆಯ ಚಿಕಿತ್ಸೆಯೇ. ಅಮೆರಿಕದಲ್ಲಿ 2002ರಲ್ಲಿ ಇಂತಹ ಮಿಶ್ರಣಕ್ಕೆ ಒಪ್ಪಿಗೆ ದೊರೆತಾಗ ಅದರಲ್ಲಿದ್ದದ್ದು ಸೌಮ್ಯವಾದ ಸ್ಟೀರಾಯ್ಡ್, ಅದನ್ನು ಬಳಸಲು ಹೇಳಿದ ಅವಧಿ ಎಂಟು ವಾರ. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ ಟ್ಯೂಬುಗಳಲ್ಲಿ ಅದಕ್ಕಿಂತ ಪ್ರಬಲವಾದ ಮೊಮೆಟಾಸೋನ್ ಇರುತ್ತದೆ, ಅದನ್ನು ಹೆಣ್ಣುಮಕ್ಕಳು ವರ್ಷಗಟ್ಟಲೆ ಮುಖದ ಕ್ರೀಮಿನಂತೆ ಹಚ್ಚುತ್ತಾರೆ. ಉರಿ, ಗುಳ್ಳೆ, ಕೂದಲು, ಕೆಂಪು ನರ, ಬಿಟ್ಟೊಡನೆ ಮರುಕಳಿಸುವುದು, ಇವೆಲ್ಲ ಸೇರಿದ ಸ್ಥಿತಿಗೆ ನಮ್ಮ ದೇಶದ ಚರ್ಮವೈದ್ಯರು ‘ಸ್ಟೀರಾಯ್ಡ್‌ನಿಂದ ಹಾಳಾದ ಮುಖ’ ಎಂದೇ ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದ್ದರೂ ಅಂಗಡಿಯಲ್ಲಿ ಹೆಸರು ಹೇಳಿದರೆ ಕೈಗೆ ಸಿಗುತ್ತದೆ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಹೈಡ್ರೋಕ್ವಿನೋನ್ ಕೂಡ ಮಿತಿ ಮೀರಬಾರದು. ಬಹುಕಾಲ ಬಿಡದೆ ಹಚ್ಚಿದರೆ ಬಂಗಿದ್ದ ಜಾಗವೇ ನೀಲಿಗಪ್ಪಾಗುವುದುಂಟು, ಆ ಕಪ್ಪನ್ನು ತೆಗೆಯುವುದು ಬಂಗನ್ನು ತೆಗೆಯುವುದಕ್ಕಿಂತ ಕಷ್ಟ.

ಆದ್ದರಿಂದ ನಿಮ್ಮ ಮಟ್ಟಿಗೆ ಮೊದಲ ಕೆಲಸ ಚರ್ಮವನ್ನು ಶಾಂತಗೊಳಿಸುವುದು. ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸಬೇಕೋ ಸೌಮ್ಯವಾದುದಕ್ಕೆ ಬದಲಿಸಿ ಇಳಿಸಬೇಕೋ ಎಂಬುದನ್ನು ನೋಡಿದ ವೈದ್ಯರೇ ನಿರ್ಧರಿಸುತ್ತಾರೆ. ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಸೌಮ್ಯವಾದ ಫೇಸ್‌ವಾಶ್, ಸನ್‌ಸ್ಕ್ರೀನ್ ಇಷ್ಟನ್ನೇ ಕೆಲವು ವಾರ ನೆಚ್ಚಿಕೊಳ್ಳಬೇಕಾಗುತ್ತದೆ. ಬ್ಲೀಚ್, ಫೇಶಿಯಲ್, ಸ್ಕ್ರಬ್ ಮುಟ್ಟಬೇಡಿ.

ಸನ್‌ಸ್ಕ್ರೀನ್ ಎಂದರೆ ಬಹಳ ಜನರಿಗೆ ಅಲಂಕಾರದ ವಸ್ತು. ಬಂಗಿನಲ್ಲಿ ಅದೇ ಮೊದಲ ಔಷಧ, ಉಳಿದವೆಲ್ಲ ಅದರ ಹಿಂದೆ ಬರುವಂಥವು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿನದನ್ನು ತೋರುಬೆರಳು ಮತ್ತು ನಡುಬೆರಳುಗಳ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕತ್ತಿಗೆ ಸಾಲುವಷ್ಟಾಗುತ್ತದೆ. ಕಡಲೆಕಾಳಿನಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಎನ್ನುವವರೇ ಹೆಚ್ಚು. ಬಯಲಲ್ಲಿ ಇದ್ದಾಗ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ನಮ್ಮಂತಹ ಗೋಧಿವರ್ಣದ, ಕಂದುವರ್ಣದ ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢಗೊಳಿಸುವುದರಿಂದ, ಐರನ್ ಆಕ್ಸೈಡ್ ಬೆರೆಸಿದ ಮಣ್ಣಿನ ಬಣ್ಣದ ಸನ್‌ಸ್ಕ್ರೀನ್ ಬಿಳಿಯದಕ್ಕಿಂತ ಹೆಚ್ಚು ಉಪಯುಕ್ತ. ಅದು ಕಲೆಯನ್ನೂ ಸ್ವಲ್ಪ ಮರೆಮಾಡುತ್ತದೆ. ಪ್ರಾರ್ಥನೆಯ ವೇಳೆ ಮೈದಾನದಲ್ಲಿ ನಿಲ್ಲುವಾಗ ಕೊಡೆ ಹಿಡಿಯಲು ಸಂಕೋಚ ಪಡಬೇಡಿ. ಒಲೆಯ ಕಾವೂ ಬಂಗಿಗೆ ಒಳ್ಳೆಯದಲ್ಲ. ಮದುವೆ ಮುಗಿಯುವವರೆಗಾದರೂ ರೊಟ್ಟಿಯ ಕೆಲಸವನ್ನು ಮನೆಯಲ್ಲಿ ಬೇರೊಬ್ಬರು ವಹಿಸಿಕೊಳ್ಳಲಿ.

ಚರ್ಮ ಸುಧಾರಿಸಿದ ಮೇಲೆ ಅಜೆಲೈಕ್ ಆಸಿಡ್‌ನಂತಹ ಸ್ಟೀರಾಯ್ಡ್ ಇಲ್ಲದ ಮುಲಾಮುಗಳಿವೆ. ಇದನ್ನು ಗರ್ಭಿಣಿಯರಿಗೂ ಕೊಡುವುದುಂಟು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆಯನ್ನು ನೀವು ಅತಿಯಾದ ಮುಟ್ಟಿನ ಸ್ರಾವ ತಡೆಯುವ ಔಷಧವೆಂದು ಕೇಳಿರಬಹುದು. ಅದನ್ನೇ ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ 250 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಕೆಲವು ತಿಂಗಳು ಕೊಟ್ಟಾಗ ಹಟಮಾರಿ ಬಂಗು ತಿಳಿಯಾಗುತ್ತದೆ. ಆದರೆ ಅದು ರಕ್ತ ಹೆಪ್ಪುಗಟ್ಟಲು ನೆರವಾಗುವ ಔಷಧ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಅಥವಾ ಹೃದಯಾಘಾತವಾದವರು, ಗರ್ಭನಿರೋಧಕ ಮಾತ್ರೆ ನುಂಗುವವರು ಅದನ್ನು ತೆಗೆದುಕೊಳ್ಳಬಾರದು. ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆ ಅದಲ್ಲ.

ಇನ್ನು ಲೇಸರ್. ಬೇರುಸಹಿತ ಹೋಗುತ್ತದೆ ಎಂದವರ ಮಾತನ್ನು ನಂಬಬೇಡಿ. ಬಂಗು ಸಕ್ಕರೆ ಕಾಯಿಲೆಯಂತೆ ಹತೋಟಿಯಲ್ಲಿಡುವ ಸ್ಥಿತಿ. ಲೇಸರ್ ನಿಂತ ಕೆಲವು ತಿಂಗಳಲ್ಲಿ ಅದು ಮರಳುವುದು ಸಾಮಾನ್ಯ. ತಪ್ಪಾದ ಶಕ್ತಿಯಲ್ಲಿ ಮಾಡಿದರೆ ಹೊಸದಾಗಿ ಕಪ್ಪಾಗಬಹುದು, ಪದೇಪದೇ ಮಾಡಿದರೆ ಅಲ್ಲಲ್ಲಿ ಮಳೆಹನಿ ಬಿದ್ದಂತೆ ಬಿಳಿ ಚುಕ್ಕೆಗಳು ಉಳಿಯಬಹುದು. ಬಿಸಿ ತಾಳದ ನಿಮ್ಮ ಈಗಿನ ಚರ್ಮದ ಮೇಲೆ ಲೇಸರ್ ಅಥವಾ ರಾಸಾಯನಿಕ ಹಚ್ಚಿ ಮೇಲ್ಚರ್ಮ ಸುಲಿಯುವ ಪೀಲಿಂಗ್ ಮಾಡಿಸುವುದು ಗಾಯದ ಮೇಲೆ ಬರೆ ಎಳೆದಂತೆ.

ಸುಕ್ಕಿನ ವಿಷಯಕ್ಕೆ ಬಂದರೆ, ಕಣ್ಣಿನ ಅಂಚಿಗೆ ಕೊಡುವ ಬೊಟಾಕ್ಸ್ ಇಂಜೆಕ್ಷನ್ ಸ್ನಾಯುವನ್ನು ಸಡಿಲಗೊಳಿಸುತ್ತದೆ, ಎರಡು ವಾರದಲ್ಲಿ ಪೂರ್ಣ ಪರಿಣಾಮ ಕಂಡು ಮೂರ್ನಾಲ್ಕು ತಿಂಗಳು ಉಳಿಯುತ್ತದೆ. ಪರಿಣತ ವೈದ್ಯರು ಕೊಟ್ಟರೆ ತಕ್ಕಮಟ್ಟಿಗೆ ಸುರಕ್ಷಿತ, ಪಾರ್ಲರಿನಲ್ಲಿ ಖಂಡಿತ ಬೇಡ. ಟ್ರೆಟಿನಾಯಿನ್ ಒಂದನ್ನೇ ಬಟಾಣಿ ಕಾಳಿನಷ್ಟು ರಾತ್ರಿ ಹಚ್ಚುತ್ತ ಬಂದರೆ ಬಿಸಿಲಿನಿಂದಾದ ನಸುಗೆರೆಗಳು ಆರು ತಿಂಗಳಲ್ಲಿ ಸುಧಾರಿಸುತ್ತವೆ. ಅದೂ ನಿಮ್ಮ ಉರಿ ಅಡಗಿದ ನಂತರದ ಮಾತು.

ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ (ಹಿಂದಿನ ಹೆಸರು ಕಿಮ್ಸ್) ನಿಮ್ಮ ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್‌ನಲ್ಲಿಯೂ ಚರ್ಮರೋಗ ವಿಭಾಗವಿದೆ. ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬು, ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಉತ್ತರ 3: ಹುಬ್ಬಳ್ಳಿಯಿಂದ

ವೈದ್ಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಮುಖದ ಮೇಲಿನ ಕಪ್ಪೆಲ್ಲ ಬಂಗಲ್ಲ. ನಮ್ಮ ತಾಯಿಯ ಹಣೆ ಕಪ್ಪಾದಾಗ ನಾವು ಎರಡು ವರ್ಷ ಬಂಗಿನ ಔಷಧ ಮಾಡಿದೆವು. ಪರೀಕ್ಷಿಸಿದಾಗ ತಿಳಿದದ್ದು, ಅದು ಅವರು ಹಚ್ಚುತ್ತಿದ್ದ ಕುಂಕುಮದಲ್ಲಿನ ಕೃತಕ ಬಣ್ಣದ ಅಲರ್ಜಿಯೆಂದು. ಕುಂಕುಮ ಬದಲಿಸಿದ ಮೇಲೆ ನಿಧಾನವಾಗಿ ತಿಳಿಯಾಯಿತು. ನನಗೋ ಹಣೆಯ ಎರಡೂ ಬದಿ ಮತ್ತು ಕತ್ತಿನ ಹಿಂಭಾಗ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿತ್ತು, ವೈದ್ಯರು ಕ್ರೀಮಿನ ಬದಲು ರಕ್ತದ ಸಕ್ಕರೆ ಪರೀಕ್ಷೆ ಬರೆದರು. ಸಕ್ಕರೆ ಗಡಿಯಲ್ಲಿತ್ತು. ಒಂಬತ್ತು ಕಿಲೋ ತೂಕ ಇಳಿಸಿದ್ದೇ ನನ್ನ ಚಿಕಿತ್ಸೆಯಾಯಿತು.

ಹೆಸರು, ವಿಳಾಸ, ಒಳಗಿನ ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯ ಕ್ರೀಮನ್ನು ಯಾರೇ ಕೊಟ್ಟರೂ ಹಚ್ಚಬೇಡಿ. ಅಂತಹವುಗಳಲ್ಲಿ ಪಾದರಸ ಇರುವುದುಂಟು, ಅದು ಚರ್ಮದ ಮೂಲಕ ಒಳಹೋಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದು ಸುದ್ದಿಯಾಗಿತ್ತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿಜ್ಞಾನದ ಪ್ರಯೋಗಾಲಯದಿಂದ ಭೂತಗನ್ನಡಿ ತಂದು ಟ್ಯೂಬಿನ ಮೇಲಿನ ಅಕ್ಷರ ಓದಿದೆ. ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1 ಎಂದಿದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಎಚ್ಚರಿಕೆಯೂ ಅದರ ಮೇಲೆಯೇ ಇದೆ. ಒಂದೂವರೆ ವರ್ಷ ದಿನಾಲೂ ಕೈಯಲ್ಲಿ ಹಿಡಿದೆ, ಒಮ್ಮೆಯೂ ಓದಲಿಲ್ಲ. ಪಾರ್ಲರಿಗೆ ಬರುವುದಿಲ್ಲವೆಂದು ತಿಳಿಸಿದ್ದೇನೆ, ಸೋಮವಾರ ಅರ್ಧ ದಿನ ರಜೆ ಹಾಕಿ ಜಿಮ್ಸ್‌ಗೆ ಹೋಗುತ್ತೇನೆ. ವೈದ್ಯರಲ್ಲಿ ಒಂದು ವಿನಂತಿ: ಮದುವೆಯಲ್ಲಿ ಅರಿಶಿಣ ಹಚ್ಚುವ ಶಾಸ್ತ್ರವಿದೆ, ತಾಯಿಯಾದ ನನಗೂ ಹಚ್ಚುತ್ತಾರೆ. ಆ ಹೊತ್ತಿಗೆ ಹಚ್ಚಿಸಿಕೊಳ್ಳಬಹುದೇ?

ಉತ್ತರ: ಧಾರವಾಡದ ನಿವೃತ್ತ ವೈದ್ಯೆ

ಸೋಮವಾರ ಹೋಗುತ್ತಿರುವುದು ಬಹಳ ಸಂತೋಷ. ಅರಿಶಿಣವನ್ನು ಕೈಗೆ, ಕಾಲಿಗೆ ಧಾರಾಳವಾಗಿ ಹಚ್ಚಿಸಿಕೊಳ್ಳಿ. ಕೆನ್ನೆಗೆ ಬೇಡವೆಂದು ಮುತ್ತೈದೆಯರಿಗೆ ಮೊದಲೇ ಹೇಳಿಡಿ. ಮನಸ್ಸು ತಡೆಯದಿದ್ದರೆ ಗದ್ದಕ್ಕೆ ಒಂದು ಬೊಟ್ಟು ಮುಟ್ಟಿಸಿ ತಕ್ಷಣ ತಣ್ಣೀರಿನಿಂದ ತೊಳೆದುಕೊಳ್ಳಿ. ಅಂಗಡಿಯ ಬಣ್ಣ ಕಟ್ಟಿದ ಪುಡಿಯ ಬದಲು ಅರಿಶಿಣದ ಕೊಂಬನ್ನು ಮನೆಯಲ್ಲಿಯೇ ತೇಯ್ದುಕೊಂಡರೆ ಮಗಳ ಮುಖಕ್ಕೂ ಒಳ್ಳೆಯದು.