ಸಹಾಯ ಬೇಕು: 4294967297ರ ಗುಟ್ಟನ್ನು ಹತ್ತನೇ ಕ್ಲಾಸಿನ ಮಕ್ಕಳಿಗೆ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ನಮಸ್ಕಾರ. ಗಣಿತದ ಮೇಷ್ಟ್ರುಗಳು, ಗಣಿತ ಇಷ್ಟಪಡುವವರು ದಯವಿಟ್ಟು ನೋಡಿ.

2ರ 32ನೇ ಘಾತಕ್ಕೆ 1 ಕೂಡಿಸಿದರೆ 4294967297. ಅಂದರೆ 429 ಕೋಟಿಗೂ ಜಾಸ್ತಿ. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿದರೆ ಬರುವ 3, 5, 17, 257, 65537 ಇದೇ ಸಾಲಿನವು, ಎಲ್ಲವೂ ಅವಿಭಾಜ್ಯ. ಹಾಗಾಗಿ ಇದೂ ಅವಿಭಾಜ್ಯವೇ ಎಂದು 17ನೇ ಶತಮಾನದ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಒಡೆದು ತೋರಿಸಿದರು: 641 × 6700417. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ!

641 ಭಾಗಿಸುತ್ತದೆ ಎಂದು ತೋರಿಸುವುದು ಕಷ್ಟವಿಲ್ಲ. 641 ಎಂದರೆ 5 × 128 + 1. ಅದೇ 641 ಎಂದರೆ 625 + 16 ಕೂಡ, ಅಂದರೆ 5ರ 4ನೇ ಘಾತ ಮತ್ತು 2ರ 4ನೇ ಘಾತದ ಮೊತ್ತ. 641ರಿಂದ ಭಾಗಿಸುವಾಗ 5 × 128ರ ಶೇಷ −1 ಇದ್ದಂತೆ, ಹಾಗಾಗಿ ಅದರ 4ನೇ ಘಾತದ (5ರ 4ನೇ ಘಾತ × 2ರ 28ನೇ ಘಾತ) ಶೇಷ 1; ಅಲ್ಲಿ 5ರ 4ನೇ ಘಾತದ ಬದಲು −16 ಇಟ್ಟರೆ 2ರ 32ನೇ ಘಾತದ ಶೇಷ −1, ಅದಕ್ಕೆ 1 ಕೂಡಿಸಿದರೆ ಶೇಷ ಸೊನ್ನೆ. ಎಷ್ಟು ಚೆಂದ ಅಲ್ವಾ?

ನಾನು ಸಿಕ್ಕಿಕೊಂಡಿರುವುದು ಇನ್ನೊಂದು ಕಡೆ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನ 64ರ ಮಗ್ಗಿಯ ಸಂಖ್ಯೆಗೆ 1 ಕೂಡಿಸಿದಂತೆಯೇ ಇರಬೇಕು. ಆ ಪ್ರಕಾರ ಅವಿಭಾಜ್ಯಗಳನ್ನಷ್ಟೇ ಹುಡುಕಿದರೆ 193, 257, 449, 577 ಆದಮೇಲೆ 641 ಸಿಕ್ಕೇಬಿಡುತ್ತದೆ, ಐದೇ ಭಾಗಾಕಾರ. ಆದರೆ ಹೀಗೇ ಇರಬೇಕು ಏಕೆ? ಫರ್ಮಾನ ಕಿರು ಪ್ರಮೇಯ (p ಅವಿಭಾಜ್ಯವಾಗಿದ್ದು aಯನ್ನು ಭಾಗಿಸದಿದ್ದರೆ, aಯ p−1ನೇ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1) ಗೊತ್ತಿಲ್ಲದ ಮಕ್ಕಳಿಗೆ ಇದನ್ನು ಹೇಗೆ ವಿವರಿಸುವುದು? ಸುಮ್ನೆ 'ನಂಬಿ' ಎನ್ನಲು ಮನಸ್ಸು ಬರುತ್ತಿಲ್ಲ.

17ರಂಥ ಚಿಕ್ಕ ಸಂಖ್ಯೆ ಇಟ್ಟುಕೊಂಡು 2ರ ಘಾತಗಳನ್ನು ಅದರಿಂದ ಭಾಗಿಸಿದಾಗಿನ ಶೇಷ ಬರೆಸಿದರೆ 1, 2, 4, 8, 16, 15, 13, 9, ಮತ್ತೆ 1 ಎಂದು ಸುತ್ತು ಬರುತ್ತದೆ. ಇಲ್ಲಿಂದ ಶುರುಮಾಡಬಹುದೇ? ಮುಂದಿನ ಹೆಜ್ಜೆ ಏನಿಡಬೇಕು? ಕ್ಲಾಸಿನಲ್ಲಿ ಪಾಠ ಮಾಡಿದ ಅನುಭವ ಇರುವವರು ಹೇಳಿದರೆ ತುಂಬಾ ಉಪಕಾರ.