ಜೀನ್ ರಿಪೋರ್ಟ್ ಬಂದಿದೆ, ಫೋಲಿಕ್ ಆಸಿಡ್ ಬಿಡಬೇಕಾ? ಡಾಕ್ಟರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ಧಾರವಾಡದ ಫಿಜಿಷಿಯನ್ ಮೇಡಂ ನಮ್ಮ ಜೊತೆ ಇದ್ದಾರೆ. "ಎಂಟಿಎಚ್‌ಎಫ್‌ಆರ್ ಜೀನ್ ಕೆಟ್ಟವರಿಗೆ ಫೋಲಿಕ್ ಆಸಿಡ್ ವಿಷ, ಇವತ್ತೇ ನಿಲ್ಲಿಸಿ" ಅನ್ನುವ ಫಾರ್ವರ್ಡ್ ಗುಂಪಿನಲ್ಲಿ ಓಡಾಡುತ್ತಿದೆ. ಅದಕ್ಕೇ ಈ ವಿಷಯ. ಹೆಸರು ಹಾಕಬೇಡಿ, ಊರು ಅಥವಾ ಬಡಾವಣೆ ಹಾಕಿ ಕೇಳಿ.

ಕೇಶ್ವಾಪುರ: ನಮಸ್ಕಾರ ರೀ ಮೇಡಂ. ಎರಡು ಸಲ ಗರ್ಭ ನಿಲ್ಲಲಿಲ್ಲ. ಒಂದು ಲ್ಯಾಬ್‌ನಲ್ಲಿ ಜೀನ್ ಟೆಸ್ಟ್ ಮಾಡಿಸಿದೆವು. "ಸಿ677ಟಿ ಹೆಟೆರೋಜೈಗಸ್" ಅಂತ ಬಂತು. ಇದೇ ಕಾರಣ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಸಾದಾ ಫೋಲಿಕ್ ಆಸಿಡ್ ಬಿಟ್ಟು ಮೀಥೈಲ್‌ಫೋಲೇಟ್ ತಗೋಬೇಕಾ? ತುಂಬಾ ದುಬಾರಿ ಇದೆ.

ಡಾಕ್ಟರ್: ಬಿಡಬೇಡಿ. ಮೊದಲು ನಿಮ್ಮ ರಿಪೋರ್ಟ್ ಏನು ಹೇಳುತ್ತದೆ ನೋಡೋಣ. ಎಂಟಿಎಚ್‌ಎಫ್‌ಆರ್ ಅನ್ನುವುದು ಒಂದು ಕಿಣ್ವ. ಫೋಲೇಟ್ ಒಂದು ಬಿ ವಿಟಮಿನ್, ಗುಳಿಗೆಯಲ್ಲಿ ಇರುವ ಅದರ ರೂಪವೇ ಫೋಲಿಕ್ ಆಸಿಡ್. ನಾವು ತಿಂದ ಫೋಲೇಟನ್ನು ದೇಹ ಬಳಸುವ ರೂಪಕ್ಕೆ, ಅಂದರೆ ಮೀಥೈಲ್‌ಫೋಲೇಟ್‌ಗೆ, ತರುವ ಕೊನೆಯ ಹಂತದ ಕೆಲಸ ಈ ಕಿಣ್ವದ್ದು. ಅದನ್ನು ತಯಾರಿಸುವ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. "ಹೆಟೆರೋಜೈಗಸ್" ಅಂದರೆ ನಿಮ್ಮಲ್ಲಿ ಒಂದರಲ್ಲಿ ಮಾತ್ರ ಒಂದು ಅಕ್ಷರ ಬದಲಾಗಿದೆ. ಕಿಣ್ವ ಸುಮಾರು ಮೂರರಲ್ಲಿ ಎರಡು ಪಾಲು ಕೆಲಸ ಮಾಡುತ್ತದೆ. ಎರಡೂ ಬದಲಾದವರಲ್ಲಿ, ಅಂದರೆ "ಟಿಟಿ" ಇದ್ದವರಲ್ಲಿ, ಸುಮಾರು ಮೂರರಲ್ಲಿ ಒಂದು ಪಾಲು. ಹಾಗಿದ್ದರೂ ಅಷ್ಟೇ ಫೋಲಿಕ್ ಆಸಿಡ್ ತಗೊಂಡಾಗ ಅವರ ರಕ್ತದ ಫೋಲೇಟ್ ಉಳಿದವರಿಗಿಂತ ಕಡಿಮೆ ಇರುವುದು ಶೇ. 16ರಷ್ಟು ಮಾತ್ರ. ಅವರ ದೇಹವೂ ಸಾದಾ ಫೋಲಿಕ್ ಆಸಿಡನ್ನು ಬಳಸಿಕೊಳ್ಳುತ್ತದೆ. ವಿಷ ಅನ್ನುವುದು ಶುದ್ಧ ಸುಳ್ಳು.

ಮಗುವಿನ ಬೆನ್ನುಹುರಿಯ ದೋಷ ತಡೆಯಲು ಗಟ್ಟಿ ಪುರಾವೆ ಇರುವುದು ಇದೇ ಸಾದಾ ಫೋಲಿಕ್ ಆಸಿಡ್‌ಗೆ. 1991ರ ಬ್ರಿಟನ್ನಿನ ಎಂಆರ್‌ಸಿ ಅಧ್ಯಯನದಲ್ಲಿ, ಮೊದಲು ಅಂಥ ಮಗು ಹುಟ್ಟಿದ್ದ ತಾಯಂದಿರಲ್ಲಿ ಅದು ಮತ್ತೆ ಆಗುವ ಸಂಭವ ಶೇ. 72ರಷ್ಟು ಇಳಿಯಿತು. ಮೀಥೈಲ್‌ಫೋಲೇಟ್‌ಗೆ ಅಂಥ ಪುರಾವೆ ಇಲ್ಲ. ದಿನಕ್ಕೆ 400 ಮೈಕ್ರೋಗ್ರಾಂ, ಬಸಿರಾಗುವ ಒಂದು ತಿಂಗಳಾದರೂ ಮುಂಚಿನಿಂದ ಶುರು ಮಾಡಿ ಮೂರು ತಿಂಗಳು ತುಂಬುವವರೆಗೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿ ಮುಗಿದಿರುತ್ತದೆ. ಎಷ್ಟೋ ಜನರಿಗೆ ಆಗ ಬಸಿರು ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಮುಂಚಿನಿಂದ ತಗೊಳ್ಳಿ ಅನ್ನುವುದು.

ಗರ್ಭ ನಿಲ್ಲದಿದ್ದಕ್ಕೆ ಈ ಟೆಸ್ಟ್ ಮಾಡಿಸಲೇಬೇಡಿ ಅಂತ ಅಮೆರಿಕದ ಜೆನೆಟಿಕ್ಸ್ ವೈದ್ಯರ ಸಂಸ್ಥೆ 2013ರಲ್ಲೇ ಹೇಳಿದೆ. ನಿಮ್ಮ ಸ್ತ್ರೀರೋಗ ತಜ್ಞರ ಹತ್ತಿರ ಥೈರಾಯ್ಡ್, ಶುಗರ್, ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ, ಗರ್ಭಕೋಶದ ಸ್ಕ್ಯಾನ್ ಬಗ್ಗೆ ಕೇಳಿ. ಒಂದು ಮಾತು, ತಂಗಿ. ಇದು ನಿಮ್ಮ ತಪ್ಪಲ್ಲ. ಮನೆಯವರಿಗೆ ಈ ಉತ್ತರ ಓದಿ ಹೇಳಿ.

ರಾಣೇಬೆನ್ನೂರು: ಮೇಡಂ, ಮೆಡಿಕಲ್ ಶಾಪ್‌ನಲ್ಲಿ 5 ಮಿಲಿಗ್ರಾಂ ಗುಳಿಗೆ ಕೊಟ್ಟರು. ನಡೆಯುತ್ತಾ?

ಡಾಕ್ಟರ್: ಅದು 400 ಮೈಕ್ರೋಗ್ರಾಂನ ಹನ್ನೆರಡೂವರೆ ಪಟ್ಟು. ಮೊದಲು ಬೆನ್ನುಹುರಿ ದೋಷದ ಮಗು ಹುಟ್ಟಿದ್ದರೆ, ಫಿಟ್ಸ್ ಗುಳಿಗೆ ನಡೆಯುತ್ತಿದ್ದರೆ, ಇನ್ನೂ ಕೆಲವು ಕಾರಣಕ್ಕೆ ಡಾಕ್ಟರೇ ಅಷ್ಟು ಬರೆಯುತ್ತಾರೆ. ಬೇರೆಯವರಿಗೆ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 400ರ ಗುಳಿಗೆ ಕೇಳಿ.

ಬೆಟಗೇರಿ: 🙏 ಫಾರ್ವರ್ಡ್ ಬಂದಿದ್ದು: ಹಸಿ ಪಾಲಕ್ ರಸ, ಕರಿಬೇವು, ನಿಂಬೆಹಣ್ಣು, 21 ದಿನ ಬರಿಹೊಟ್ಟೆಯಲ್ಲಿ. ಎಂಟಿಎಚ್‌ಎಫ್‌ಆರ್ ಜೀನ್ ತಾನಾಗಿಯೇ ಸರಿಯಾಗುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ರಸ ಕುಡಿದರೆ ಜೀನ್ ಬದಲಾಗುವುದಿಲ್ಲ. ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ. ಕಿಡ್ನಿ ಕಲ್ಲು ಆಗಿದ್ದವರು ದಿನಾ ಲೋಟಗಟ್ಟಲೆ ಕುಡಿದರೆ ಮತ್ತೆ ಕಲ್ಲಾಗಬಹುದು. ಪಲ್ಯ ಮಾಡಿ ಉಣ್ಣಿ, ಸಾಕು.

ನವಲಗುಂದ: ಮೇಡಂ, ನಮ್ಮ ಅಪ್ಪಂದು ಕೇಳಬೇಕಿತ್ತು. 62 ವರ್ಷ. ಶುಗರ್ ಇದೆ, ಹತ್ತು ವರ್ಷಕ್ಕೂ ಮೇಲಾಯ್ತು, ಮೆಟ್‌ಫಾರ್ಮಿನ್ ನಡೆದಿದೆ. ಮೊಟ್ಟೆ, ಮಾಂಸ ಮುಟ್ಟಿದವರಲ್ಲ. ಹಾಲು ಚಹಾದಲ್ಲಿ ಎಷ್ಟೋ ಅಷ್ಟೇ. ಒಂದು ಸೆಂಟರ್‌ನಲ್ಲಿ ಜೀನ್ ಟೆಸ್ಟ್ ಮಾಡಿ ಟಿಟಿ ಅಂದರು. ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನುವ ಅಮೈನೋ ಆಮ್ಲ 48 ಇತ್ತು, ಜಾಸ್ತಿ ಅಂದರು. ನಾಲ್ಕು ತಿಂಗಳಿಂದ ದಿನಾ 5 ಮಿಲಿಗ್ರಾಂ ಫೋಲಿಕ್ ಆಸಿಡ್ ಕೊಡುತ್ತಿದ್ದೇವೆ. ರಕ್ತ ಏರಿದೆ, ಹಿಮೋಗ್ಲೋಬಿನ್ 9.8 ಇದ್ದದ್ದು 11.6 ಆಯ್ತು. ಆದರೆ ಪಾದ ಜೋಮು ಹಿಡಿಯುತ್ತದೆ ಅನ್ನುತ್ತಾರೆ. ಮೊನ್ನೆ ಒಂದು ಕಾಲಿನ ಚಪ್ಪಲಿ ರಸ್ತೆಯಲ್ಲೇ ಬಿದ್ದಿದೆ, ಅವರಿಗೆ ಗೊತ್ತೇ ಆಗಿಲ್ಲ, ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಶುಗರ್‌ನಿಂದ ಇರಬೇಕು ಅಂದುಕೊಂಡೆವು. ಡೋಸ್ ಜಾಸ್ತಿ ಮಾಡಬೇಕಾ?

ಡಾಕ್ಟರ್: ಬಿ12 ಎಷ್ಟಿದೆ? ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ಓಲಾಡುತ್ತಾರಾ?

ನವಲಗುಂದ: ಬಿ12 ಮಾಡಿಸಿಲ್ಲ. ಹೌದು ರೀ, ಬಚ್ಚಲಲ್ಲಿ ಗೋಡೆ ಹಿಡಿದೇ ಮುಖ ತೊಳೆಯುತ್ತಾರೆ. ನಿಮಗೆ ಹೇಗೆ ಗೊತ್ತಾಯ್ತು?

ಡಾಕ್ಟರ್: ಡೋಸ್ ಜಾಸ್ತಿ ಮಾಡಬೇಡಿ. ನಾಳೆ ಬೆಳಗ್ಗೆಯೇ ಅಪ್ಪನನ್ನು ಫಿಜಿಷಿಯನ್ ಹತ್ತಿರ ಕರೆದುಕೊಂಡು ಹೋಗಿ. ಬಿ12ಗೆ ರಕ್ತ ಕೊಡಿ. ರಿಪೋರ್ಟ್ ಬರುವವರೆಗೆ ಕಾಯದೆ ಬಿ12 ಇಂಜೆಕ್ಷನ್ ಶುರು ಮಾಡಬಹುದಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಹೇಳುತ್ತೇನೆ. ಎಂಟಿಎಚ್‌ಎಫ್‌ಆರ್ ಕಿಣ್ವ ತಯಾರು ಮಾಡಿದ ಫೋಲೇಟ್ ತನ್ನ ಮೀಥೈಲ್ ತುಣುಕನ್ನು ಹೋಮೋಸಿಸ್ಟೀನ್‌ಗೆ ಕೊಡಬೇಕು. ಆಗ ಹೋಮೋಸಿಸ್ಟೀನ್ ಇಳಿಯುತ್ತದೆ. ಆ ಕೊಡುವ ಜಾಗದಲ್ಲಿ ಬಿ12 ಇರಲೇಬೇಕು. ಬಿ12 ಇಲ್ಲದಿದ್ದರೆ ಫೋಲೇಟ್ ಅಲ್ಲೇ ಸಿಕ್ಕಿಬೀಳುತ್ತದೆ, ಹೋಮೋಸಿಸ್ಟೀನ್ ಏರುತ್ತಲೇ ಹೋಗುತ್ತದೆ. ಶುದ್ಧ ಸಸ್ಯಾಹಾರ, ಹಾಲೂ ಕಡಿಮೆ, ಮೇಲೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್. ಅದು ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಇಂಥವರಲ್ಲಿ 48 ಕಂಡರೆ ನನ್ನ ಮೊದಲ ಅನುಮಾನ ಬಿ12 ಮೇಲೆ. ಜೀನ್ ಆಮೇಲೆ.

ಈಗ ಅಪಾಯದ ಮಾತು. ಸಾದಾ ಫೋಲಿಕ್ ಆಸಿಡ್ ಜಾಸ್ತಿ ಕೊಟ್ಟರೆ ಬಿ12 ಇಲ್ಲದೆಯೂ ರಕ್ತ ಸುಧಾರಿಸುತ್ತದೆ. ಮನೆಯವರಿಗೂ ಡಾಕ್ಟರಿಗೂ ಸಮಾಧಾನ. ಆದರೆ ಬೆನ್ನುಹುರಿಯ ನರದ ಹೊದಿಕೆ ಸವೆಯುತ್ತಲೇ ಇರುತ್ತದೆ. 1940ರ ದಶಕದಲ್ಲಿ ಫೋಲಿಕ್ ಆಸಿಡ್ ಹೊಸದಾಗಿ ಬಂದಾಗ ಪರ್ನಿಷಿಯಸ್ ಅನೀಮಿಯಾ (ಬಿ12 ಹೀರಿಕೊಳ್ಳಲಾಗದೆ ಬರುವ ರಕ್ತಹೀನತೆ) ರೋಗಿಗಳಲ್ಲಿ ಆಗಿದ್ದೂ ಇದೇ. ರಕ್ತ ಏರಿತು, ನಡಿಗೆ ಕೆಟ್ಟಿತು. ಪಾದಕ್ಕೆ ನೆಲ ತಿಳಿಯದಿದ್ದರೆ ನಾವು ಕಣ್ಣಿನಿಂದ ಸರಿತೂಗಿಸಿಕೊಂಡು ನಿಲ್ಲುತ್ತೇವೆ. ಕಣ್ಣು ಮುಚ್ಚಿದ ಕೂಡಲೇ ಓಲಾಡುತ್ತೇವೆ. ಚಪ್ಪಲಿ ಜಾರಿದ್ದು ತಿಳಿಯದ್ದು, ಗೋಡೆ ಹಿಡಿಯುವುದು, ಎರಡೂ ಆ ಕಡೆಗೇ ಬೊಟ್ಟು ಮಾಡುತ್ತವೆ. ಶುಗರ್‌ನಿಂದಲೂ ಜೋಮು ಬರುತ್ತದೆ, ಎರಡೂ ಒಟ್ಟಿಗೆ ಇರಬಹುದು. ಆದರೆ ಬಿ12 ಕೊರತೆಯನ್ನು ಬೇಗ ಹಿಡಿದರೆ ಸರಿಮಾಡಬಹುದು. ತಡವಾದಷ್ಟು ನರ ಪೂರ್ತಿ ವಾಪಸ್ ಬರುವುದು ಕಷ್ಟ. ಮೆಟ್‌ಫಾರ್ಮಿನ್ ನೀವಾಗಿ ನಿಲ್ಲಿಸಬೇಡಿ. ಫಲಿತಾಂಶ ಬಂದ ಕೂಡಲೇ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.

ಗೋಕುಲ ರಸ್ತೆ: ನನ್ನ ರಿಪೋರ್ಟ್‌ನಲ್ಲೂ ಹೆಟೆರೋಜೈಗಸ್ ಅಂತಿದೆ. ಏನು ಮಾಡಲಿ?

ಡಾಕ್ಟರ್: ಕೇಶ್ವಾಪುರದವರಿಗೆ ಬರೆದದ್ದು ಓದಿ.

ಮುಂಡರಗಿ: ನನ್ನ ಹೋಮೋಸಿಸ್ಟೀನ್ 17. ಇಲ್ಲೇ ರಕ್ತ ತೆಗೆದು ಸಂಜೆ ಬಸ್ಸಿಗೆ ಹುಬ್ಬಳ್ಳಿಗೆ ಕಳಿಸಿದರು. ಇಳಿಸಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತಾ?

ಡಾಕ್ಟರ್: ರಕ್ತ ತೆಗೆದ ಮೇಲೆ ಐಸ್‌ನಲ್ಲಿಟ್ಟು ಬೇಗ ಪ್ಲಾಸ್ಮಾ ಬೇರೆ ಮಾಡದಿದ್ದರೆ ಟ್ಯೂಬಿನಲ್ಲೇ ಈ ಅಂಕಿ ಏರುತ್ತದೆ. ಲ್ಯಾಬ್ ಇರುವ ಕಡೆಯೇ ಹೋಗಿ ಇನ್ನೊಮ್ಮೆ ಕೊಡಿ. ಹಾರ್ಟ್ ವಿಚಾರಕ್ಕೆ, 2006ರ ಹೋಪ್-2 ಅಧ್ಯಯನದಲ್ಲಿ 5,500ಕ್ಕೂ ಹೆಚ್ಚು ಜನರಿಗೆ ಐದು ವರ್ಷ ಫೋಲಿಕ್ ಆಸಿಡ್, ಬಿ6, ಬಿ12 ಅಥವಾ ಖಾಲಿ ಗುಳಿಗೆ ಕೊಟ್ಟು ನೋಡಿದರು. ಅಂಕಿ ಇಳಿಯಿತು, ಹಾರ್ಟ್ ಅಟ್ಯಾಕ್ ಕಡಿಮೆಯಾಗಲಿಲ್ಲ. ಬಿಪಿ, ಶುಗರ್, ತಂಬಾಕು ಕಡೆ ಗಮನ ಕೊಡಿ.

ಲಕ್ಷ್ಮೇಶ್ವರ: ನಾವು ದಿನಾ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯ ಸೊಪ್ಪು, ಶೇಂಗಾ ಚಟ್ನಿ ತಿನ್ನುವವರು. ಇಷ್ಟು ಸಾಕಲ್ವಾ? ಗುಳಿಗೆ ಯಾಕೆ?

ಡಾಕ್ಟರ್: ಫೋಲೇಟ್‌ಗೆ ಬಹಳ ಒಳ್ಳೆಯ ಊಟ. ಹೆಸರು, ಅಲಸಂದಿ, ಕಡಲೆ, ಶೇಂಗಾ, ಹಸಿ ಸೊಪ್ಪು ಎಲ್ಲದರಲ್ಲೂ ಇದೆ. ಫೋಲೇಟ್ ನೀರಿಗೆ ಇಳಿಯುತ್ತದೆ, ಜಾಸ್ತಿ ಕುದಿಸಿದರೆ ಹಾಳಾಗುತ್ತದೆ. ಕಾಳು ಬೇಯಿಸಿದ ಕಟ್ಟು ಚೆಲ್ಲಬೇಡಿ, ಅದರಲ್ಲೇ ಸಾರು ಮಾಡಿ. ಆದರೆ ಬಸಿರಾಗುವ ಯೋಚನೆ ಇದ್ದವರಿಗೆ ಊಟದ ಜೊತೆ ಗುಳಿಗೆಯೂ ಬೇಕು. ಊಟದ ಫೋಲೇಟ್ ಗುಳಿಗೆಯಷ್ಟು ಚೆನ್ನಾಗಿ ದೇಹಕ್ಕೆ ಸೇರುವುದಿಲ್ಲ. ಇನ್ನೊಂದು ವಿಷಯ, ನೀವು ಹೇಳಿದ ತಟ್ಟೆಯಲ್ಲಿ ಬಿ12 ಒಂದಿಷ್ಟೂ ಇಲ್ಲ. ಅದು ಸಹಜವಾಗಿ ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ.

ಲಕ್ಷ್ಮೇಶ್ವರ: ಮೇಡಂ, ಮೊಟ್ಟೆ ತಿನ್ನಿ ಅಂತ ಇಲ್ಲಿ ಹೇಳುವುದು ಸರಿಯಲ್ಲ. ನಮ್ಮ ಹಿರಿಯರು ಏನೂ ತಿನ್ನದೆ 90 ವರ್ಷ ಬದುಕಿದ್ದರು.

ಹಾವೇರಿ: ಅಣ್ಣಾರೆ, ನಿಮ್ಮ ಹಿರಿಯರ ಮನೆಯಲ್ಲಿ ನಾಲ್ಕು ಎಮ್ಮೆ ಇದ್ದವು. ಈಗ ಪಾಕೀಟಿನ ಹಾಲು, ಅದೂ ಚಹಾಕ್ಕೆ.

ಲಕ್ಷ್ಮೇಶ್ವರ: ನಾನು ಡಾಕ್ಟರನ್ನು ಕೇಳಿದ್ದು. ನಿಮ್ಮನ್ನಲ್ಲ.

ಡಾಕ್ಟರ್: ತಿನ್ನಲೇಬೇಕು ಅಂತ ನಾನು ಹೇಳಿಲ್ಲ. ಬೇಡವಾದರೆ ಬಿ12 ಗುಳಿಗೆ ತಗೊಳ್ಳಿ. ಅದನ್ನು ಬ್ಯಾಕ್ಟೀರಿಯಾ ಬೆಳೆಸಿ ಮಾಡುತ್ತಾರೆ, ಪ್ರಾಣಿಯಿಂದ ತೆಗೆಯುವುದಿಲ್ಲ.

ಬೆಟಗೇರಿ: ಅದಿರಲಿ, ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿ ಕೊಡುತ್ತಿದ್ದಾರಲ್ಲ, ಅದಕ್ಕೂ ಫೋಲಿಕ್ ಆಸಿಡ್ ಹಾಕುತ್ತಾರಂತೆ. ತೊಳೆಯುವಾಗ ಮೇಲೆ ತೇಲುತ್ತದೆ. ನಾವು ಆರಿಸಿ ಕೋಳಿಗೆ ಹಾಕುತ್ತೇವೆ.

ಕುಂದಗೋಳ: ನಾನು ಅಂಗನವಾಡಿ ಕಾರ್ಯಕರ್ತೆ. ಅದು ಪ್ಲಾಸ್ಟಿಕ್ ಅಲ್ಲ ರೀ, ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ತರುತ್ತಾರೆ. ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ನೀವು ಕೋಳಿಗೆ ಹಾಕಿದ್ದು ಮಕ್ಕಳ ಪಾಲಿನದು.

ಬೆಟಗೇರಿ: ನಮ್ಮನ್ನು ಕೇಳದೆ ನಮ್ಮ ಅನ್ನಕ್ಕೆ ಔಷಧಿ ಹಾಕಲು ಇವರು ಯಾರು? ರೇಷನ್ ಅಕ್ಕಿ ಉಣ್ಣುವವರು ಬಡವರು, ಅದಕ್ಕೆ.

ಕುಂದಗೋಳ: ಹೌದು, ಬಡವರೇ. ನನ್ನ ಕೇಂದ್ರದಲ್ಲಿ ರಕ್ತ ಕಡಿಮೆ ಇರುವ ಬಸುರಿಯರೂ ಅವರೇ. ನೀವು ಒಂದು ಸಲ ಬಂದು ನೋಡಿ, ಆಮೇಲೆ ಮಾತಾಡಿ.

ಬೆಟಗೇರಿ: ಸರ್ಕಾರಿ ಸಂಬಳ ತಗೊಳ್ಳುವವರು ಹೀಗೇ ಹೇಳಬೇಕಲ್ವಾ.

ಕುಂದಗೋಳ: ಸಂಬಳ ಅಲ್ಲ, ಗೌರವಧನ. ಎಷ್ಟು ಅಂತ ಗೊತ್ತಿದೆಯಾ ನಿಮಗೆ?

ಅಡ್ಮಿನ್: ಇಬ್ಬರೂ ನಿಲ್ಲಿಸಿ, ದಯವಿಟ್ಟು.

ಡಾಕ್ಟರ್: ಅಕ್ಕಾರು ಹೇಳಿದ್ದು ಸರಿ. ಒಂದು ಕಿಲೋದಲ್ಲಿ ಫೋಲಿಕ್ ಆಸಿಡ್ ಇರುವುದು 75ರಿಂದ 125 ಮೈಕ್ರೋಗ್ರಾಂ. ದಿನಕ್ಕೆ 200 ಗ್ರಾಂ ಅಕ್ಕಿ ಉಂಡರೆ ಹೆಚ್ಚೆಂದರೆ 25. ಆರಿಸಿ ಎಸೆಯಬೇಡಿ.

ಸವಣೂರು: ಮೇಡಂ, ಕೂದಲು ಉದುರುತ್ತದೆ, ಅದೂ ಇದೇ ಜೀನಾ?

ಗೋಕುಲ ರಸ್ತೆ: ಓದಿದೆ ಮೇಡಂ. ಆದರೆ ನನ್ನದು ಎ1298ಸಿ ಹೆಟೆರೋಜೈಗಸ್. ಬೇರೆ ಅಲ್ವಾ?

ಡಾಕ್ಟರ್: ಅದೇ ಜೀನಿನ ಇನ್ನೊಂದು ಜಾಗದ ಬದಲಾವಣೆ ಅದು, ಪರಿಣಾಮ ಇನ್ನೂ ಕಡಿಮೆ. ನಮ್ಮ ದೇಶದಲ್ಲಿ ಬಹಳ ಜನರಲ್ಲಿದೆ. ರಿಪೋರ್ಟ್ ಎತ್ತಿಡಿ.

ನವಲಗುಂದ: ಮೇಡಂ, ಬಿ12 ರಿಪೋರ್ಟ್ ಬಂತು. 98. ಕೆಳಗೆ 200ಕ್ಕಿಂತ ಜಾಸ್ತಿ ಇರಬೇಕು ಅಂತ ಬರೆದಿದೆ. ಡಾಕ್ಟರು ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡಿದರು, ಮೊದಲ ಇಂಜೆಕ್ಷನ್ ಆಯ್ತು. ಅಪ್ಪ ನಡೆಯುವುದು ಸರಿಹೋಗುತ್ತಾ?

ಡಾಕ್ಟರ್: ಸರಿಯಾದ ಸಮಯಕ್ಕೆ ಹೋದಿರಿ. ಕೋರ್ಸ್ ಒಂದೂ ತಪ್ಪಿಸಬೇಡಿ. ರಕ್ತ ವಾರಗಳಲ್ಲಿ ಸುಧಾರಿಸುತ್ತದೆ, ನರಕ್ಕೆ ತಿಂಗಳುಗಳು ಬೇಕು. ಎಷ್ಟು ವಾಪಸ್ ಬರುತ್ತದೆ ಅಂತ ಈಗಲೇ ಮಾತು ಕೊಡಲಾರೆ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ರಾತ್ರಿ ದೀಪ ಇರಲಿ, ಬರಿಗಾಲಲ್ಲಿ ಹೊಲಕ್ಕೆ ಬೇಡ. ಮೆಟ್‌ಫಾರ್ಮಿನ್ ಇರುವವರೆಗೆ ಬಿ12 ಆಗಾಗ ನೋಡಿಸಿ.

ಸವಣೂರು: ಮೇಡಂ, ಕೂದಲಿನದು ನೋಡಲಿಲ್ಲ...

ಬೆಟಗೇರಿ: ಅಂದರೆ ಫೋಲಿಕ್ ಆಸಿಡ್‌ನಿಂದಲೇ ಅವರ ಅಪ್ಪನ ಕಾಲು ಹೋಯ್ತು. ಫಾರ್ವರ್ಡ್‌ನಲ್ಲಿ ಹೇಳಿದ್ದು ಅದೇ.

ಡಾಕ್ಟರ್: ಅಲ್ಲ. ಬಿ12 ಇಲ್ಲದ್ದರಿಂದ ಆಯ್ತು. ಅದನ್ನು ನೋಡದೆ ಫೋಲಿಕ್ ಆಸಿಡ್ ಕೊಟ್ಟದ್ದರಿಂದ ರೋಗ ಮರೆಯಾಗಿತ್ತು. ಓದದೆ ಬರೆಯುವುದಾದರೆ ದಯವಿಟ್ಟು ಬರೆಯಬೇಡಿ.

ಶಿಗ್ಗಾಂವಿ: ಮೇಡಂ, ತಡವಾಗಿ ಕೇಳುತ್ತಿದ್ದೇನೆ. ನನಗೆ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ, ಬೇರೆ ದಿನ ಒಂದು ಫೋಲಿಕ್ ಆಸಿಡ್ ಬರೆದಿದ್ದರು. ಆ ವಿಷ ಅನ್ನುವ ಮೆಸೇಜ್ ಓದಿ ಫೋಲಿಕ್ ಆಸಿಡ್ ಬಿಟ್ಟೆ. ಈಗ ಬಾಯಿತುಂಬ ಹುಣ್ಣು, ರೊಟ್ಟಿ ಅಗಿಯಲು ಆಗುತ್ತಿಲ್ಲ. ಖಾರದಿಂದ ಇರಬಹುದಾ?

ಡಾಕ್ಟರ್: ಖಾರದಿಂದಲ್ಲ. ಮುಂದಿನ ಮೆಥೊಟ್ರೆಕ್ಸೇಟ್ ಯಾವತ್ತು? ಜ್ವರ ಇದೆಯಾ? ಮೈಮೇಲೆ ಕೆಂಪು ಚುಕ್ಕೆ, ಒಸಡಿನಲ್ಲಿ ರಕ್ತ?

ಶಿಗ್ಗಾಂವಿ: ನಾಳೆ ಮಂಗಳವಾರ ಇದೆ. ಜ್ವರ ಇಲ್ಲ. ಚುಕ್ಕೆ, ರಕ್ತ ಏನೂ ಇಲ್ಲ.

ಡಾಕ್ಟರ್: ನಾಳೆಯ ಡೋಸ್ ತಗೋಬೇಡಿ. ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದೇ ಫೋಲೇಟ್ ದಾರಿಗೆ ಅಡ್ಡ ನಿಂತು. ಅದರಿಂದ ಬಾಯಿ, ಲಿವರ್ ಮತ್ತು ರಕ್ತ ತಯಾರಾಗುವ ಮಜ್ಜೆಗೆ ಏಟಾಗದಿರಲಿ ಅಂತಲೇ ಫೋಲಿಕ್ ಆಸಿಡ್ ಬರೆದಿದ್ದರು. ಬೆಳಗ್ಗೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ನಾಳೆಯೇ ರಕ್ತಕಣದ ಎಣಿಕೆ, ಲಿವರ್, ಕ್ರಿಯಾಟಿನಿನ್ ಮಾಡಿಸಿ. ಇವತ್ತು ರಾತ್ರಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ. ವಾರಕ್ಕೊಮ್ಮೆಯೇ ತಗೊಂಡಿದ್ದೀರಿ ತಾನೇ? ದಿನಾ ಅಲ್ಲವಲ್ಲ? ಗುಳಿಗೆ ಎಣಿಸಿ ಹೇಳಿ.

ಅಡ್ಮಿನ್: ಆ ಫಾರ್ವರ್ಡ್ ಅಳಿಸಿದ್ದೇನೆ. ಮತ್ತೆ ಹಾಕಿದವರನ್ನು ಗುಂಪಿನಿಂದ ತೆಗೆಯುತ್ತೇನೆ.

ಬೆಟಗೇರಿ: ನಾನೊಬ್ಬನೇ ಹಾಕಿದ್ದಲ್ಲ.

ಶಿಗ್ಗಾಂವಿ: ಎಣಿಸಿದೆ ಮೇಡಂ. ಪಟ್ಟಿಯಲ್ಲಿ ಲೆಕ್ಕ ಸರಿ ಇದೆ, ವಾರಕ್ಕೊಮ್ಮೆಯೇ. ಬೆಳಗ್ಗೆ ಮೊದಲ ಬಸ್ಸಿಗೆ ಮಗನ ಜೊತೆ ಹುಬ್ಬಳ್ಳಿಗೆ ಬರುತ್ತೇನೆ.

ಡಾಕ್ಟರ್: ಹಳೆಯ ಚೀಟಿ, ಗುಳಿಗೆ ಪಟ್ಟಿ ಎರಡೂ ತನ್ನಿ. ಫೋಲಿಕ್ ಆಸಿಡ್ ಎಂದಿನಿಂದ ಬಿಟ್ಟಿದ್ದೀರಿ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ.