ಪೆಟ್ಟಿಗೆಯೊಳಗೆ ಬಿಸಿಗಾಳಿ ಜೆಟ್: ಲೆಕ್ಕಕ್ಕೂ ಅಳತೆಗೂ 17 ಡಿಗ್ರಿ ಅಂತರ!!

ಅಡಿಕೆಗೂಡು: ಮೂರು ವಾರದಿಂದ ತಲೆ ಕೆಟ್ಟು ಕೂತಿದ್ದೀನಿ. ಪೆಟ್ಟಿಗೆಯೊಳಗೆ ಬಿಸಿಗಾಳಿ ಹೇಗೆ ಹರಿಯುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕ್ತಿದ್ದೀನಿ: ಓಪನ್‌ಫೋಮ್ ತಂತ್ರಾಂಶ, ಅದರಲ್ಲಿ ಬಾಯಂಟ್‌ಸಿಂಪಲ್‌ಫೋಮ್ (ಸ್ಟೆಡಿ, ಅಂದರೆ ಹರಿವು ಸ್ಥಿರವಾದ ಮೇಲಿನ ಸ್ಥಿತಿಯನ್ನಷ್ಟೇ ಲೆಕ್ಕ ಹಾಕೋದು), ಸುಳಿಗಳಿಗೆ ಕೆ-ಎಪ್ಸಿಲಾನ್ ಮಾಡೆಲ್. ತಳದ ಮಧ್ಯದಿಂದ 5 ಸೆಂ.ಮೀ. ಪೈಪಲ್ಲಿ 90 ಡಿಗ್ರಿ ಗಾಳಿ, ಸೆಕೆಂಡಿಗೆ 1.5 ಮೀಟರ್. ಪೆಟ್ಟಿಗೆ 1×1 ಮೀ., ಎತ್ತರ 1.2. ಮೇಲಿನ ಥರ್ಮೋಕಪಲ್ (ಬಿಸಿ ಅಳೆಯೋ ತಂತಿ) 61 ಅಂತಿದೆ, ಲೆಕ್ಕ 44. ಮೆಶ್ (ಲೆಕ್ಕಕ್ಕೆ ಜಾಗವನ್ನ ತುಂಡು ಮಾಡೋ ಜಾಲ) ಎರಡರಷ್ಟು ಮಾಡಿದರೂ ಅಲ್ಲಾಡ್ತಿಲ್ಲ.

ಸುಳಿಗಾಳಿ: ಯೋಚನೆಯೇ ಬೇಡ, ಕೆ-ಎಪ್ಸಿಲಾನ್‌ದೇ ಕಿತಾಪತಿ. ದುಂಡು ಜೆಟ್ಟನ್ನು ಅದು ಅತಿಯಾಗಿ ಹರಡಿಸುತ್ತೆ, ಹಳೇ ಕಾಯಿಲೆ. ತಣ್ಣನೆ ಗಾಳಿ ಜಾಸ್ತಿ ಬೆರೆತು ಬಿಸಿ ಇಳಿಯುತ್ತೆ. ಅದಕ್ಕೆಂದೇ ಪೋಪ್ ಅನ್ನೋ ವಿಜ್ಞಾನಿ 1978ರಲ್ಲಿ ಕೊಟ್ಟ ತಿದ್ದುಪಡಿ ಹಾಕಿ.

ಗ್ರಿಡ್‌ಗಿರಾಕಿ: ಅದು ಬರೀ ವೇಗದಿಂದ ನುಗ್ಗೋ ಜೆಟ್ಟಿನ ಕಥೆ ಸಾರ್. ಇಲ್ಲಿ ಸುಮಾರು 25 ಸೆಂ.ಮೀ. ದಾಟಿದ ಮೇಲೆ ತೇಲುಬಲದ್ದೇ ದರ್ಬಾರು. ಹಾಗೆ ಬಿಸಿಯಿಂದಲೇ ಮೇಲೇಳೋ ಪ್ಲೂಮನ್ನು ಅದೇ ಮಾಡೆಲ್ ಕಮ್ಮಿ ಹರಡಿಸುತ್ತೆ, ಉಲ್ಟಾ!

ಸುಳಿಗಾಳಿ: 25 ಎಲ್ಲಿಂದ ಬಂತು?

ಗ್ರಿಡ್‌ಗಿರಾಕಿ: ಸಂವೇಗ ಹರಿವಿನ ಮುಕ್ಕಾಲು ಘಾತವನ್ನ ತೇಲು ಹರಿವಿನ ವರ್ಗಮೂಲದಿಂದ ಭಾಗಿಸಿ. ಕ್ಯಾಲ್ಕುಲೇಟರ್ ಇಲ್ವಾ?

ಸುಳಿಗಾಳಿ: ಇದೆ. ಆದರೂ ಮೊದಲು ಪೋಪ್.

ಕೋರ್‌ಕುಬೇರ: ನಾನು ಇಂಥದ್ದಕ್ಕೆಲ್ಲ ನೇರ ಎಲ್‌ಇಎಸ್ (ದೊಡ್ಡ ಸುಳಿಗಳನ್ನೇ ಲೆಕ್ಕ ಹಾಕೋ ಭಾರೀ ವಿಧಾನ). 64 ಕೋರ್, 256 ಜಿಬಿ ರಾಮ್. ಮನೆಯವರು ಅದರ ಮುಂದೆ ಬಟ್ಟೆ ಒಣಗಿಸ್ತಾರೆ.

ಹಳೇಬೀಡಿ: ಗಾಳಿ ಹೊರಗೆ ಹೋಗೋದು ಎಲ್ಲಿಂದ?

ಅಡಿಕೆಗೂಡು: ಮಾಡೆಲ್ಲಲ್ಲಿ ಚಾವಣಿಗೆ ಔಟ್‌ಲೆಟ್ ಕೊಟ್ಟಿದ್ದೀನಿ. ಪೆಟ್ಟಿಗೆಯಲ್ಲಿ ಬಾಗಿಲ ಬುಡದ ಸಂದಿ ಬಿಟ್ಟರೆ ಏನಿಲ್ಲ. ಅದು ಮುಖ್ಯ ಅನ್ನಿಸಲಿಲ್ಲ.

ಹಳೇಬೀಡಿ: ಅದೇ ಮುಖ್ಯ ಮಾರಾಯ್ರೆ! ಬೇನ್ಸ್ ಮತ್ತು ಟರ್ನರ್ ಅನ್ನೋ ವಿಜ್ಞಾನಿಗಳು 1969ರಲ್ಲೇ ತೋರಿಸಿದ್ದು: ಪೆಟ್ಟಿಗೆ ಮೇಲಿಂದ ಕೆಳಕ್ಕೆ ತುಂಬುತ್ತದೆ. ಬಿಸಿ ಪದರ ಇಳಿದಂತೆಲ್ಲ ಪ್ಲೂಮ್ ಒಳಗೆಳೆದುಕೊಳ್ಳೋದೂ ಬಿಸಿಗಾಳಿಯನ್ನೇ, ಹಾಗಾಗಿ ಚಾವಣಿ ಇನ್ನಷ್ಟು ಕಾಯುತ್ತದೆ. ನೀವು ಆ ಪದರವನ್ನೇ ಮೇಲಿನ ಕಿಂಡಿಯಿಂದ ಓಡಿಸಿಬಿಟ್ಟಿದ್ದೀರಿ. ಔಟ್‌ಲೆಟ್ ಕೆಳಗಿಡಿ. ಸ್ಟೆಡಿ ಬಿಟ್ಟು, ಕ್ಷಣಕ್ಷಣದ ಬದಲಾವಣೆ ಲೆಕ್ಕ ಹಾಕೋ ಬಾಯಂಟ್‌ಪಿಂಪಲ್‌ಫೋಮಲ್ಲಿ ಓಡಿಸಿ. ನಿಮ್ಮ ಪೈಪಿನ ಹರಿವಿಗೆ ಒಳಗಿನ ಗಾಳಿ ಒಂದು ಸಲ ಬದಲಾಗೋಕೇ ಹತ್ತಿರ ಹತ್ತಿರ 7 ನಿಮಿಷ ಬೇಕು, ಅದಕ್ಕಿಂತ ಮುಂಚೆ ನಿಲ್ಲಿಸಬೇಡಿ.

ಕೋರ್‌ಕುಬೇರ: ನನ್ನ ಮೆಶೀನಲ್ಲಿ ಒಂದು ರಾತ್ರಿ.

ಅಡಿಕೆಗೂಡು: ಓಡಿಸಿದೆ. ಪದರ ಕಣ್ಣೆದುರೇ ಇಳೀತು! ಆದರೆ 8ನೇ ನಿಮಿಷಕ್ಕೆ 68, ಇನ್ನೂ ಏರ್ತಾನೇ ಇದೆ. ಈಗ ಜಾಸ್ತಿ ಆಯ್ತಲ್ಲ?

ಹಳೇಬೀಡಿ: ಗೋಡೆಗೆ ಏನು ಕೊಟ್ಟಿದ್ದೀರಿ?

ಅಡಿಕೆಗೂಡು: ಅಡಯಬ್ಯಾಟಿಕ್, ಅಂದರೆ ಬಿಸಿ ಒಂಚೂರೂ ಸೋರದ ಗೋಡೆ. ಒಳಗೆ ಥರ್ಮೊಕೋಲ್ ಇದೆಯಲ್ಲ.

ಹಳೇಬೀಡಿ: ಥರ್ಮೊಕೋಲ್ ಅಂದರೆ ಸೊನ್ನೆ ಸೋರಿಕೆ ಅಲ್ಲ. ದಪ್ಪ ಎಷ್ಟು, ಬಾಗಿಲಿಗೂ ಹಾಕಿದ್ದೀರಾ?

ಅಡಿಕೆಗೂಡು: ಬಾಗಿಲು ಗಾಜಿನದ್ದು. ಹೇಳಿರಲಿಲ್ವಾ?

ಸುಳಿಗಾಳಿ: ಪೋಪ್ ತಿದ್ದುಪಡಿ ಹಾಕಿದ್ರಾ?